ಒಂದೇ ಕುತ್ತಿಗೆ, ಎರಡು ಅಳತೆ

ನಮ್ಮ ಬಳಗದ ಗೆಳೆಯರೊಬ್ಬರ ತಾತ ವೀರನಹೊಸಹಳ್ಳಿ ಕಡೆಯವರು. ಹೊಗೆಸೊಪ್ಪು ಬೇಯಿಸಲು ಬ್ಯಾರನ್‌ಗೆ ಬೆಂಕಿ ಹಾಕುವ ಕಾಲ. ಒಂದು ಬೆಳಿಗ್ಗೆ ಅವರ ಕೈಯಿಂದ ಕಾಫಿ ಲೋಟ ಜಾರಿತು. ಬಲಗೈ ಮೇಲೇಳಲಿಲ್ಲ, ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. "ರಾತ್ರಿಯೆಲ್ಲ ನಿದ್ದೆಗೆಟ್ಟಿದ್ನಲ್ಲ, ಅದಕ್ಕೇ ಹಂಗಾಯ್ತು" ಅಂದರು ತಾತ. ಮೊಮ್ಮಗ ಕೇಳಲಿಲ್ಲ. ಹುಣಸೂರಿಗೆ, ಅಲ್ಲಿಂದ ಮೈಸೂರಿಗೆ ಕರೆದೊಯ್ದರು.

ಕುತ್ತಿಗೆಯ ಸ್ಕ್ಯಾನ್ ಆಯಿತು. ಎಡಗಡೆಯ ರಕ್ತನಾಳ ಶೇ. 60ರಷ್ಟು ಕಿರಿದಾಗಿದೆ ಎಂದು ವರದಿ ಬಂತು. ಇನ್ನೊಂದು ಕಡೆ ತೋರಿಸಿದಾಗ ಶೇ. 75 ಎಂದು ಬಂತು. 70 ದಾಟಿದರೆ ಆಪರೇಷನ್ ಎಂದು ಯಾರೋ ಹೇಳಿದ್ದರಂತೆ. ಮನೆಯಲ್ಲಿ ಎರಡು ಪಕ್ಷವಾಯಿತು. ಮೊದಲನೆಯವರಿಗೆ ನೋಡಲು ಬರಲ್ಲ ಅಂತ ಕೆಲವರು, ಎರಡನೆಯವರು ದುಡ್ಡಿಗಾಗಿ ಹೆಚ್ಚು ಬರೆದಿದ್ದಾರೆ ಅಂತ ಉಳಿದವರು.

ಗೆಳೆಯರು ಎರಡೂ ಕಾಗದ ತಂದು ನಮ್ಮ ಮುಂದಿಟ್ಟರು. ಓದುತ್ತಾ ಹೋದಂತೆ ಗೊತ್ತಾಗಿದ್ದು ಇಷ್ಟು: ಎರಡೂ ವರದಿ ಸರಿ ಇರಬಹುದು. ಅದು ಹೇಗೆ ಎಂದು ತಿಳಿಯಲು ಈ ಅಳತೆ ಹುಟ್ಟಿದ ಕಥೆಯನ್ನೇ ಹೇಳಬೇಕು.

ಕುತ್ತಿಗೆಯನ್ನು ಯಾರೂ ನೋಡಿರಲಿಲ್ಲ

ಗಂಟಲಿನ ಪಕ್ಕ ಬೆರಳಿಟ್ಟರೆ ಮಿಡಿಯುವ ನಾಳವೇ ಕ್ಯಾರೊಟಿಡ್. ಎಡಕ್ಕೊಂದು, ಬಲಕ್ಕೊಂದು. ಮಿದುಳಿಗೆ ಹೋಗುವ ರಕ್ತದ ಬಹುಪಾಲು ಇವುಗಳಲ್ಲೇ ಹರಿಯುತ್ತದೆ. ದವಡೆಯ ಕೆಳಗೆ ಇದು ಎರಡು ಕವಲಾಗುತ್ತದೆ. ಕೊಬ್ಬು ಕಟ್ಟುವುದು ಹೆಚ್ಚಾಗಿ ಆ ಕವಲಿನಲ್ಲೇ. ಅಲ್ಲಿಂದ ಒಂದು ಚೂರು ಕಿತ್ತು ಮೇಲೆ ಹೋಗಿ ಸಿಕ್ಕಿಕೊಂಡರೆ ಲಕ್ವ.

ಜೀವಂತ ಮನುಷ್ಯನಲ್ಲಿ ಈ ನಾಳವನ್ನು ಮೊದಲು ಚಿತ್ರದಲ್ಲಿ ಕಂಡವರು ಪೋರ್ಚುಗಲ್‌ನ ವೈದ್ಯ ಎಗಾಸ್ ಮೊನಿಜ್. ಎಕ್ಸ್-ರೇಯಲ್ಲಿ ಮೂಳೆ ಕಾಣುತ್ತದೆ, ರಕ್ತ ಕಾಣುವುದಿಲ್ಲ. ಎಕ್ಸ್-ರೇ ತಡೆಯುವ ದ್ರವವನ್ನು ಕ್ಯಾರೊಟಿಡ್‌ಗೆ ಚುಚ್ಚಿ ಫೋಟೊ ತೆಗೆಯಬಹುದು ಎಂಬುದು ಅವರ ಯೋಚನೆ. ಗೌಟ್‌ನಿಂದ ಅವರ ಕೈಬೆರಳು ಸೊಟ್ಟಗಾಗಿದ್ದವು. ಹಾಗಾಗಿ ಕೈಕೆಲಸವನ್ನು ಅಲ್ಮೇಡಾ ಲಿಮಾ ಎಂಬ ಕಿರಿಯ ವೈದ್ಯರು ಮಾಡುತ್ತಿದ್ದರು. ಮೊದಲ ಪ್ರಯತ್ನಗಳಲ್ಲಿ ಒಬ್ಬ ರೋಗಿ ತೀರಿಕೊಂಡರು. ದ್ರವ ಬದಲಿಸಿದ ಮೇಲೆ 1927ರ ಜೂನ್‌ನಲ್ಲಿ ಚಿತ್ರ ಮೂಡಿತು. ಇದೇ ಆಂಜಿಯೋಗ್ರಾಂ. ಆದರೆ ಅವರು ಹುಡುಕುತ್ತಿದ್ದುದು ಮಿದುಳಿನ ಗೆಡ್ಡೆಗಳನ್ನು.

ಲಕ್ವದ ಬೇರು ಕುತ್ತಿಗೆಯಲ್ಲೂ ಇರಬಹುದು ಎಂದು ಗಟ್ಟಿಯಾಗಿ ತೋರಿಸಿದವರು ಕೆನಡಾದ ಮಿಲ್ಲರ್ ಫಿಶರ್. ಲಕ್ವ ಹೊಡೆದವರನ್ನು ಅವರು ಹಿಂದಿನ ದಿನಗಳ ಬಗ್ಗೆ ಕೇಳುತ್ತಿದ್ದರು. ಕೆಲವರು ಒಂದು ಕಣ್ಣು ಸ್ವಲ್ಪ ಹೊತ್ತು ಕತ್ತಲಾಗಿತ್ತು ಅಂದರು, ಕೆಲವರು ಕೈ ಸೋತು ಮತ್ತೆ ಸರಿಹೋಗಿತ್ತು ಅಂದರು. ಅಂಥವರು ತೀರಿಕೊಂಡ ಮೇಲೆ ಕುತ್ತಿಗೆಯ ನಾಳ ತೆರೆದು ನೋಡಿದರು. ನಾಳ ಕಟ್ಟಿತ್ತು. 1951ರಲ್ಲಿ ಇದನ್ನು ಬರೆದರು. ತಾತನ ಕಾಫಿ ಲೋಟ ಜಾರಿದ ಆ ಹತ್ತು ನಿಮಿಷ ಏನೆಂದು ಇವತ್ತು ವೈದ್ಯರಿಗೆ ತಿಳಿಯುವುದು ಇಂಥ ಕೆಲಸದಿಂದ.

ಕಟ್ಟಿದ್ದನ್ನು ತೆಗೆಯಬಹುದಲ್ಲವೇ? 1953ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಡಿಬೇಕಿ, 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಈಸ್ಟ್‌ಕಾಟ್ ಮತ್ತು ಜೊತೆಗಾರರು ಆಪರೇಷನ್ ಮಾಡಿದರು. ಲಂಡನ್ನಿನ ರೋಗಿ 66 ವರ್ಷದ ಹೆಂಗಸು. ಅದಕ್ಕೂ ಮೊದಲು ಅವರಿಗೆ ಇಂಥ ಚಿಕ್ಕ ಆಘಾತ 33 ಸಲ ಬಂದಿತ್ತು.

ಎಷ್ಟು ಕಟ್ಟಿದ್ದರೆ ಕತ್ತಿ?

ಆಮೇಲೆ ಆಪರೇಷನ್‌ಗಳ ಸುಗ್ಗಿಯೇ ಶುರುವಾಯಿತು. 1985ರಲ್ಲಿ ಅಮೆರಿಕ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು. ಆದರೆ ಆಪರೇಷನ್ ಮಾಡುವಾಗಲೇ ಲಕ್ವ ಹೊಡೆಯುವುದೂ ಉಂಟು. ಲಾಭವೋ ನಷ್ಟವೋ ಎಂಬ ಅನುಮಾನ ಬಂತು.

ಎರಡು ದೊಡ್ಡ ಅಧ್ಯಯನ ನಡೆದವು. ಒಂದು ಉತ್ತರ ಅಮೆರಿಕದ ನ್ಯಾಸೆಟ್, ಇನ್ನೊಂದು ಯುರೋಪಿನ ಇಸಿಎಸ್‌ಟಿ. ಎರಡರ ಮೊದಲ ಫಲಿತಾಂಶ ಬಂದದ್ದು 1991ರಲ್ಲಿ. ನ್ಯಾಸೆಟ್ ಲೆಕ್ಕ ಹೀಗಿದೆ: ಚಿಕ್ಕ ಆಘಾತ ಆಗಿ, ನಾಳ ಶೇ. 70ಕ್ಕಿಂತ ಹೆಚ್ಚು ಕಟ್ಟಿದವರಲ್ಲಿ ಮಾತ್ರೆ ಮಾತ್ರ ತಿಂದ ನೂರರಲ್ಲಿ 26 ಜನಕ್ಕೆ ಎರಡು ವರ್ಷದೊಳಗೆ ಅದೇ ಕಡೆಯ ಲಕ್ವ. ಆಪರೇಷನ್ ಆದವರಲ್ಲಿ 9 ಜನಕ್ಕೆ. 70 ಎಂಬ ಗೆರೆ ಬಂದದ್ದು ಇಲ್ಲಿಂದ. 1998ರಲ್ಲಿ ಇನ್ನಷ್ಟು ಲೆಕ್ಕ ಬಂತು. 50ರಿಂದ 69ರ ನಡುವೆ ಲಾಭ ಇದೆ, ಆದರೆ ಕಡಿಮೆ. 50ಕ್ಕಿಂತ ಕೆಳಗೆ ಲಾಭವಿಲ್ಲ.

ತೊಡಕು ಇರುವುದು ಅಳತೆಯಲ್ಲಿ. ಕಿರಿದಾದ ಜಾಗದ ಅಗಲವನ್ನು ಇಬ್ಬರೂ ಒಂದೇ ಥರ ಅಳೆದರು. ಯಾವುದಕ್ಕೆ ಹೋಲಿಸಬೇಕು ಎಂಬಲ್ಲಿ ಬೇರೆಯಾದರು. ಅಮೆರಿಕದವರು ಮೇಲೆ ಹೋಗಿ ನಾಳ ಚೆನ್ನಾಗಿರುವ ಕಡೆಯ ಅಗಲಕ್ಕೆ ಹೋಲಿಸಿದರು. ಯುರೋಪಿನವರು ಆ ಜಾಗವೇ ಮೊದಲು ಎಷ್ಟು ಅಗಲ ಇದ್ದಿರಬೇಕು ಎಂದು ಅಂದಾಜು ಮಾಡಿ ಅದಕ್ಕೆ ಹೋಲಿಸಿದರು. ಕವಲಿನ ಹತ್ತಿರ ನಾಳ ಸಹಜವಾಗಿಯೇ ಸ್ವಲ್ಪ ಉಬ್ಬಿರುತ್ತದೆ.

ಲೆಕ್ಕ ಹಾಕಿ ನೋಡೋಣ. ಕಿರಿದಾದ ಕಡೆ 2 ಮಿಲಿಮೀಟರ್ ಉಳಿದಿದೆ. ಮೇಲಿನ ನಾಳ 5 ಮಿಲಿಮೀಟರ್. ಐದರಲ್ಲಿ ಮೂರು ಹೋಯಿತು, ಅಂದರೆ ಶೇ. 60. ಅದೇ ಜಾಗ ಮೊದಲು 8 ಮಿಲಿಮೀಟರ್ ಇತ್ತು ಎಂದುಕೊಳ್ಳಿ. ಎಂಟರಲ್ಲಿ ಆರು ಹೋಯಿತು, ಅಂದರೆ ಶೇ. 75. ಕುತ್ತಿಗೆ ಒಂದೇ, ನಾಳ ಒಂದೇ, ಉಳಿದ ದಾರಿಯೂ ಅದೇ 2 ಮಿಲಿಮೀಟರ್.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡು ಇದ್ದ ಕಾಲದಲ್ಲಿ "ಎಷ್ಟು ಸೇರು?" ಅನ್ನುವ ಮೊದಲು "ಯಾವ ಸೇರು?" ಎಂದು ಕೇಳುತ್ತಿದ್ದರು. ನ್ಯಾಸೆಟ್‌ನ 70 ಅಂದರೆ ಯುರೋಪಿನ ಅಳತೆಯಲ್ಲಿ ಸುಮಾರು 82. ಈಗ ಹೆಚ್ಚಿನ ಕಡೆ ನಡೆಯುವುದು ನ್ಯಾಸೆಟ್ ಅಳತೆ. ಆದರೆ ಯಾವ ಅಳತೆ ಎಂದು ಬರೆಯದ ವರದಿಗಳೂ ಇರುತ್ತವೆ.

ನೀರಿನ ಲೆಕ್ಕ

ಮೊದಲೆಲ್ಲ ಇದನ್ನು ಅಳೆಯಲು ನಾಳಕ್ಕೇ ಸೂಜಿ ಚುಚ್ಚಬೇಕಿತ್ತು. ಈಗ ಹೆಚ್ಚಾಗಿ ಡಾಪ್ಲರ್. ಹೊಟ್ಟೆಯ ಸ್ಕ್ಯಾನ್‌ನಂತೆಯೇ ಕುತ್ತಿಗೆಗೆ ಜೆಲ್ ಹಚ್ಚಿ ಶಬ್ದದ ಅಲೆ ಬಿಡುತ್ತಾರೆ. ಹರಿಯುವ ರಕ್ತಕ್ಕೆ ತಾಗಿ ಬಂದ ಅಲೆಯಿಂದ ರಕ್ತದ ವೇಗ ತಿಳಿಯುತ್ತದೆ. ಹಿಂದಿರುವ ಸೂತ್ರವನ್ನು ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲೇ ಹೇಳಿದ್ದರು. ನಾಳದ ಚಿತ್ರ ಮತ್ತು ವೇಗ ಎರಡನ್ನೂ ಒಟ್ಟಿಗೆ ತೋರಿಸುವ ಯಂತ್ರವನ್ನು 1970ರ ದಶಕದಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ರೂಪಿಸಿದರು.

ಹನಗೋಡು ಅಣೆಕಟ್ಟೆಯ ಕಾಲುವೆ ಬಯಲಿನವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಲುವೆ ಕಿರಿದಾದ ಕಡೆ ನೀರು ರಭಸವಾಗುತ್ತದೆ. 2002ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿದ ತಜ್ಞರು ಒಂದು ಪಟ್ಟಿ ಮಾಡಿದರು. ರಕ್ತದ ವೇಗ ಸೆಕೆಂಡಿಗೆ 125 ಸೆಂಟಿಮೀಟರ್ ಮುಟ್ಟಿದರೆ ನಾಳ ಅರ್ಧ ಕಟ್ಟಿರಬಹುದು, 230 ದಾಟಿದರೆ 70 ಮೀರಿರಬಹುದು. ಇದು ನ್ಯಾಸೆಟ್ ಅಳತೆಗೆ ಹೊಂದಿಸಿದ ಪಟ್ಟಿ. ಒಂದು ಎಚ್ಚರಿಕೆ: ಕಾಲುವೆ ಪೂರ್ತಿ ಹೂಳು ತುಂಬಿದರೆ ನೀರಿನ ರಭಸವೇ ಇರುವುದಿಲ್ಲ. ನಾಳವೂ ಹಾಗೆಯೇ, ಮುಚ್ಚುವ ಹಂತಕ್ಕೆ ಬಂದಾಗ ವೇಗ ಇಳಿದು ಮೋಸ ಮಾಡಬಹುದು. ಅದಕ್ಕೇ ಸಂಶಯ ಬಂದರೆ ಸಿಟಿ ಅಥವಾ ಎಂಆರ್‌ಐ ಆಂಜಿಯೋಗ್ರಾಂ ಮಾಡಿಸುತ್ತಾರೆ.

ಇನ್ನೊಂದು ವಿಷಯ. ನಮ್ಮ ಜನರಲ್ಲಿ ತಲೆಬುರುಡೆಯ ಒಳಗಿನ ನಾಳಗಳು ಕಿರಿದಾಗುವುದು ಬಿಳಿಯರಿಗಿಂತ ಹೆಚ್ಚು. ಕುತ್ತಿಗೆ ಸ್ಕ್ಯಾನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಎಲ್ಲ ಚೆನ್ನಾಗಿದೆ ಎಂದಲ್ಲ. ಹಾಗೆಯೇ ಯಾವ ಲಕ್ಷಣವೂ ಇಲ್ಲದವರೆಲ್ಲ ಪ್ಯಾಕೇಜ್ ಕೊಂಡು ಕುತ್ತಿಗೆ ಸ್ಕ್ಯಾನ್ ಮಾಡಿಸಬೇಕಾಗಿಯೂ ಇಲ್ಲ.

ತಾತನ ಕಥೆ

ಗೆಳೆಯರು ಎರಡೂ ವರದಿ ಹಿಡಿದು ಮತ್ತೆ ವೈದ್ಯರ ಬಳಿ ಹೋದರು. ಈ ಸಲ ಒಂದೇ ಪ್ರಶ್ನೆ ಕೇಳಿದರು: "ಇದು ಯಾವ ಅಳತೆ?" ವೈದ್ಯರು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಎರಡೂ ಹೇಳುತ್ತಿರುವುದು ಒಂದೇ ಎಂದರು. ವಯಸ್ಸು, ಹೃದಯ, ಸಕ್ಕರೆ ಎಲ್ಲ ತೂಗಿ ಮಾತ್ರೆಯಲ್ಲೇ ಮುಂದುವರಿಸಿದರು. ಮನೆಯ ಜಗಳ ಅಲ್ಲಿಗೆ ನಿಂತಿತು.

ಬೀಡಿ ಬಿಡಿ ಎಂದೂ ಹೇಳಿದರು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯ ಎಷ್ಟೋ ಮನೆಗಳು ನಿಂತಿರುವುದು ಹೊಗೆಸೊಪ್ಪಿನ ಮೇಲೆ. ಅದೇ ಹೊಗೆ ಕುತ್ತಿಗೆಯ ನಾಳ ಕಟ್ಟಿಸುವ ದೊಡ್ಡ ಕಾರಣಗಳಲ್ಲಿ ಒಂದು. ಇದನ್ನು ಬರೆಯುವಾಗ ನಮಗೂ ಕಷ್ಟವಾಯಿತು. ನಮ್ಮಲ್ಲಿ ಕೆಲವರ ಕಾಲೇಜು ಫೀಸು ಕಟ್ಟಿದ್ದು ಆ ಬೆಳೆಯ ದುಡ್ಡಿನಿಂದಲೇ.

ತಾತ ಬೀಡಿ ಬಿಟ್ಟಿದ್ದಾರೆ. ಸೊಪ್ಪು ಬಿಟ್ಟಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿ ಹತ್ತೇ ನಿಮಿಷದಲ್ಲಿ ಸರಿಹೋದರೂ ಸುಮ್ಮನಿರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸರಿಹೋಗದಿದ್ದರೆ ನಾಟಿ ಔಷಧಿ ಎಂದು ಹೊತ್ತು ಕಳೆಯದೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಿಗುವುದು ನಾಲ್ಕೂವರೆ ಗಂಟೆ ಮಾತ್ರ. ಮುಂದೆ ವರದಿ ಕೈಗೆ ಬಂದಾಗ ಎಷ್ಟು ಎಂದು ಕೇಳಿ, ಜೊತೆಗೆ ಯಾವ ಅಳತೆ ಎಂದೂ ಕೇಳಿ.