ವ್ಯಾಯಾಮಶೀಲರ ಹೃದಯವೃದ್ಧಿ: ಪ್ರಕೃತಿಯೋ ವಿಕೃತಿಯೋ?

ದೀರ್ಘವ್ಯಾಯಾಮದಿಂದ ಹೃದಯವು ಬೆಳೆಯುವುದೆಂಬುದನ್ನು ಕ್ರಿ. ಶ. 1899ರಲ್ಲಿ ಸ್ವೀಡನ್ ದೇಶದ ಹೆನ್ಷೆನ್ ಎಂಬ ವೈದ್ಯನು ನಿರೂಪಿಸಿದನು. ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಬಹುದೂರ ಸಾಗುವ ಸ್ಪರ್ಧಿಗಳ ಎದೆಯನ್ನು ಬೆರಳಿನಿಂದ ತಟ್ಟಿ, ಧ್ವನಿಭೇದದಿಂದ ಹೃದಯದ ಮೇರೆಯನ್ನು ಗುರುತಿಸಿದನು. ಇದು ಅನುಮಾನಪ್ರಮಾಣವು. ಈ ವೃದ್ಧಿಯನ್ನು ಆತನು ಬಲದ ಲಕ್ಷಣವೆಂದು ಬಗೆದನು. ರೋಗದ ಆರಂಭವೆಂದು ಶಂಕಿಸಿದವರೂ ಉಂಟು.

ಪ್ರತ್ಯಕ್ಷಕ್ಕೆ ದಾರಿಯಾದುದು 1953ರಲ್ಲಿ. ಆಗ ಲುಂಡ್ ನಗರದ ಎಡ್ಲರ್ ಮತ್ತು ಹರ್ಟ್ಸ್ ಎಂಬವರು, ಕಿವಿಗೆ ಕೇಳಿಸದ ಶಬ್ದದ ಪ್ರತಿಧ್ವನಿಯಿಂದ ಮಿಡಿಯುವ ಹೃದಯದ ಚಲನೆಯನ್ನು ದಾಖಲಿಸಿದರು. ಈ ಸಾಧನದಿಂದ ಅಮೆರಿಕದ ಮಾರ್ಗನ್‌ರಾತ್ ಮೊದಲಾದವರು 1975ರಲ್ಲಿ ಪರೀಕ್ಷಿಸಲು, ಓಟಗಾರರಲ್ಲಿಯೂ ಈಜುಗಾರರಲ್ಲಿಯೂ ಹೃದಯದ ಎಡಗೋಣೆಯು ಹಿಗ್ಗಿದ್ದಿತು. ಮಲ್ಲರಲ್ಲಿಯೂ ಗುಂಡೆಸೆಯುವವರಲ್ಲಿಯೂ ಅದರ ಗೋಡೆಯು ದಪ್ಪವಾಗಿದ್ದಿತು. ಈ ವಿಭಾಗವು ಅಷ್ಟು ನಿಯತವಲ್ಲವೆಂದು ಮುಂದಿನವರು ಆಕ್ಷೇಪಿಸಿದರು.

ಆದರೆ ಗೋಡೆಯ ದಪ್ಪವು ಹಠಾನ್ಮರಣಕ್ಕೆ ಕಾರಣವಾಗಬಲ್ಲ ಒಂದು ವಂಶಾನುಗತ ಹೃದ್ರೋಗದ ಲಕ್ಷಣವೂ ಹೌದು. ರೋಗವನ್ನು ಬಲವೆಂದು ತಿಳಿದರೆ ಪ್ರಾಣಹಾನಿ. ಬಲವನ್ನು ರೋಗವೆಂದು ತಿಳಿದರೆ ಜೀವನವೃತ್ತಿಯ ಹಾನಿ. 1991ರಲ್ಲಿ ಪೆಲ್ಲಿಚ್ಚಿಯ ಮೊದಲಾದವರು ಇಟಲಿಯ 947 ಕ್ರೀಡಾಪಟುಗಳನ್ನು ಪರೀಕ್ಷಿಸಲು, 13 ಮಿಲಿಮೀಟರು ಅಥವಾ ಅದಕ್ಕಿಂತ ದಪ್ಪವಾದ ಗೋಡೆಯು 16 ಮಂದಿಯಲ್ಲಿ ಮಾತ್ರ ಕಂಡಿತು. ಅಂತಹ ಸಂದಿಗ್ಧಸ್ಥಳದಲ್ಲಿ ಅಳತೆಯೊಂದೇ ನಿರ್ಣಾಯಕವಾಗಲಾರದು. ವ್ಯಾಯಾಮವನ್ನು ಕೆಲವು ತಿಂಗಳು ನಿಲ್ಲಿಸಿದರೆ ಅದರಿಂದ ಬಂದ ದಪ್ಪವು ಇಳಿಯುವುದು, ರೋಗದಿಂದ ಬಂದುದು ಸಾಮಾನ್ಯವಾಗಿ ಉಳಿಯುವುದು. ಈಚಿನ ಕಾಂತಚಿತ್ರಣವು ಸ್ನಾಯುವಿನೊಳಗಣ ಕಲೆಗಳನ್ನೂ ತೋರಿಸುತ್ತದೆ. ಆದರೂ ಚಿತ್ರದೊಡನೆ ವಂಶವೃತ್ತಾಂತವನ್ನೂ ವಿಶ್ರಾಂತಿಯ ಫಲವನ್ನೂ ಕೂಡಿಸಿ ನೋಡಿದ ಬಳಿಕವೇ ಪ್ರಕೃತಿ ವಿಕೃತಿಗಳ ವಿವೇಚನೆಯು ಸಾಧ್ಯವಾಗುವುದು.