ಸರತಿಯ ಸಾಲಿನಲ್ಲಿ ಕಳೆದ ವರ್ಷಗಳು

ಎಸ್ಸೆಸ್ಸೆಲ್ಸಿ ಮುಗಿಯಿತೆಂದರೆ ಉದ್ಯೋಗ ವಿನಿಮಯ ಕೇಂದ್ರಕ್ಕೆ ಹೋಗಿ ಹೆಸರು ನೋಂದಾಯಿಸುವುದು ಒಂದು ಕಾಲದಲ್ಲಿ ಮಧ್ಯಮವರ್ಗದ ಮನೆಗಳ ವಾಡಿಕೆಯಾಗಿತ್ತು. ಅಲ್ಲಿ ಕೊಟ್ಟ ಕಾರ್ಡನ್ನು ಅಂಕಪಟ್ಟಿಯ ಜೊತೆ ಜೋಪಾನ ಮಾಡಬೇಕು. ನವೀಕರಿಸಲು ಮರೆತರೆ ಕಾದು ಗಳಿಸಿದ ಹಿರಿತನವೇ ಕೈತಪ್ಪುತ್ತಿತ್ತು.

ಈ ಕೇಂದ್ರಗಳು ಹುಟ್ಟಿದ್ದು ವಿದ್ಯಾವಂತರಿಗಾಗಿ ಅಲ್ಲ. 1945ರಲ್ಲಿ ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಾಗ, ಸೇನೆಯಿಂದ ಬಿಡುಗಡೆಯಾಗುವ ಸೈನಿಕರಿಗೆ ಕೆಲಸ ಹುಡುಕಿಕೊಡಲು ಇವು ಆರಂಭವಾದವು. ದೇಶ ವಿಭಜನೆಯಾದಾಗ ನಿರಾಶ್ರಿತರ ಹೊಣೆಯೂ ಬಂತು. 1948ರಲ್ಲಿ ಎಲ್ಲರಿಗೂ ಬಾಗಿಲು ತೆರೆಯಿತು. 1956ರ ನವೆಂಬರ್ 1ರಂದು, ವಿಶಾಲ ಮೈಸೂರು ರಾಜ್ಯ ಉದಯವಾದ ದಿನವೇ, ಇವುಗಳ ದೈನಂದಿನ ಆಡಳಿತ ರಾಜ್ಯಗಳ ಕೈಸೇರಿತು.

1959ರ ಕಾಯಿದೆ ಸರ್ಕಾರಿ ಕಚೇರಿಗಳು ಹಾಗೂ 25 ಅಥವಾ ಹೆಚ್ಚು ಮಂದಿ ದುಡಿಯುವ ಖಾಸಗಿ ಸಂಸ್ಥೆಗಳು ಖಾಲಿ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಬೇಕೆಂದಿತು. ಆದರೆ ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಹೇಳಲಿಲ್ಲ. ಖಾಸಗಿಯವರು ಪರಿಚಯ, ಶಿಫಾರಸುಗಳ ಹಳೆಯ ದಾರಿಯನ್ನು ಬಿಡಬೇಕಾಗಿರಲಿಲ್ಲ. ಕಾರ್ಡು ಹಿಡಿದವರು ನೆಚ್ಚಿದ್ದು ಹೆಚ್ಚಾಗಿ ಸರ್ಕಾರಿ ಕೆಲಸವನ್ನೇ.

ಹಾಗಾದರೆ ವರ್ಷಗಟ್ಟಲೆ ಕಾದವರು ಯಾರು? ಕಡುಬಡವರಲ್ಲ. ಏಷ್ಯಾದ ಬಡತನವನ್ನು ಕುರಿತು 1968ರಲ್ಲಿ ಬೃಹತ್ ಗ್ರಂಥ ಪ್ರಕಟಿಸಿದ ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್, ಪಶ್ಚಿಮದ ನಿರುದ್ಯೋಗದ ಅಳತೆಗೋಲು ಇಲ್ಲಿಗೆ ಹೊಂದದೆಂದು ವಾದಿಸಿದರು. ನಿರುದ್ಯೋಗ ಭತ್ಯೆಯಿಲ್ಲದ ನಾಡಿನಲ್ಲಿ ಇಂದಿನ ಕೂಲಿ ಇಂದಿನ ಊಟವಾಗಿರುವವನು ಸಿಕ್ಕಿದ ಕೆಲಸ ಮಾಡಲೇಬೇಕು. ಅಪ್ಪನ ಸಂಬಳ, ಅಣ್ಣನ ಅಂಗಡಿ, ಒಂದೆರಡು ಎಕರೆ ಗದ್ದೆ ಬೆನ್ನಿಗಿದ್ದವನು ಕಾಯಬಲ್ಲ. ಕಾಯುವಿಕೆಯ ಅವಧಿಯನ್ನು ಹುದ್ದೆಗಳ ಅಭಾವದಷ್ಟೇ ಮನೆಯ ಅನ್ನವೂ ನಿರ್ಧರಿಸುತ್ತದೆ.

ಇನ್ನೊಂದು ಕಾರಣ ಸಂಬಳದ ಅಂತರ. ಕೀನ್ಯಾದಲ್ಲಿ 1964ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಪ್ಪಂದ ಮಾಡಿಕೊಂಡು ಹುದ್ದೆಗಳನ್ನು ಹೆಚ್ಚಿಸಲು ಹೊರಟವು. ಸುದ್ದಿ ಹಬ್ಬಿದೊಡನೆ ಹಳ್ಳಿಗಳಿಂದ ಮತ್ತಷ್ಟು ಜನ ಪಟ್ಟಣ ಸೇರಿದರು. ನಿರುದ್ಯೋಗ ನಿರೀಕ್ಷೆಯಂತೆ ಕರಗಲಿಲ್ಲ. ಒಳ್ಳೆಯ ಸಂಬಳದ ಆಸೆಗೆ ಜನ ಖಾಲಿ ಕೈಯಲ್ಲಿ ಕಾಯಲೂ ಸಿದ್ಧರೆಂದು 1970ರಲ್ಲಿ ಹ್ಯಾರಿಸ್ ಮತ್ತು ಟೊಡಾರೊ ವಿವರಿಸಿದರು.

ನಮ್ಮ ಕೇಂದ್ರಗಳ ಹಿರಿತನದ ಪದ್ಧತಿ ಈ ಆಸೆಗೆ ನೀರೆರೆಯಿತು. ಹತ್ತು ವರ್ಷ ಕಾದವನಿಗೆ ಸಾಲು ಬಿಡುವುದೇ ನಷ್ಟವೆನಿಸುತ್ತಿತ್ತು. ಇತ್ತ ವಯೋಮಿತಿ ಸದ್ದಿಲ್ಲದೆ ಸಮೀಪಿಸುತ್ತಿತ್ತು.

1996ರಲ್ಲಿ ಸುಪ್ರೀಂ ಕೋರ್ಟು, ಕೇಂದ್ರದ ಪಟ್ಟಿಯೊಂದೇ ಸಾಲದು, ಪತ್ರಿಕೆಗಳಲ್ಲಿ ಪ್ರಕಟಣೆ ನೀಡಿ ಅರ್ಜಿ ಹಾಕಿದವರೆಲ್ಲರನ್ನೂ ಪರಿಗಣಿಸಬೇಕೆಂದಿತು. ಅವಕಾಶದ ಬಾಗಿಲು ಅಗಲವಾಯಿತು, ನಿಜ. ಆದರೆ ಹಳೆಯ ಕಾರ್ಡು ನೆಚ್ಚಿ ಯೌವನ ಕಳೆದವರ ಹಿರಿತನಕ್ಕೆ ಅದರೊಂದಿಗೇ ಬೆಲೆ ಕುಗ್ಗಿತು.