ಟೈರ್ ತಾಪಮಾನ ಮಾಪನ
ಟೈರ್ ತಾಪಮಾನ ಮಾಪನ: ರೇಸ್ ಟ್ರ್ಯಾಕ್‌ನಲ್ಲಿ ಓಡಿ ಬಂದ ಕಾರಿನ ಟೈರ್ ರಬ್ಬರಿನ ಬಿಸಿಯನ್ನು ಅಳೆದು ಗಾಳಿಯ ಒತ್ತಡವನ್ನೂ ಚಕ್ರದ ಓರೆಯನ್ನೂ (ಕ್ಯಾಂಬರ್) ಹೊಂದಿಸುವ ವಿಧಾನ. ಇದಕ್ಕೆ ಬಳಸುವ ಸೂಜಿಮೊನೆಯ ಪೈರೋಮೀಟರ್‌ನಲ್ಲಿ ಥರ್ಮೊಕಪಲ್ ಇರುತ್ತದೆ. 1821ರಲ್ಲಿ ಸೀಬೆಕ್ ಗುರುತಿಸಿದ ಉಷ್ಣವಿದ್ಯುತ್ ಪರಿಣಾಮ ಅದಕ್ಕೆ ಆಧಾರ. ಮೊನೆಯನ್ನು ರಬ್ಬರಿನೊಳಕ್ಕೆ ತುಸು ಚುಚ್ಚಿ ಒಳ ಅಂಚು, ನಡು, ಹೊರ ಅಂಚುಗಳಲ್ಲಿ ಅಳೆಯಲಾಗುತ್ತದೆ. ಇನ್‌ಫ್ರಾರೆಡ್ ಮಾಪಕ ತೋರಿಸುವುದು ಮೇಲ್ಮೈಯ ಬಿಸಿಯನ್ನಷ್ಟೇ. ಅದು ಬಲುಬೇಗ ಆರುವುದರಿಂದ ಆ ಅಂಕಿಯನ್ನು ಪೂರ್ತಿ ನೆಚ್ಚುವಂತಿಲ್ಲ. ನಿಧಾನದ ಸುತ್ತು ಹಾಕದೆ ನೇರ ಪಿಟ್‌ಗೆ ಬಂದ ಕೂಡಲೇ, ಹೆಚ್ಚು ಭಾರ ಹೊತ್ತ ಟೈರಿನಿಂದ (ಪ್ರದಕ್ಷಿಣ ಟ್ರ್ಯಾಕ್‌ನಲ್ಲಿ ಸಾಮಾನ್ಯವಾಗಿ ಎಡ ಮುಂದಿನದು) ಆರಂಭಿಸುವುದು ವಾಡಿಕೆ. ನಡು ಹೆಚ್ಚು ಬಿಸಿಯಾಗಿದ್ದರೆ ಗಾಳಿ ಹೆಚ್ಚೆಂದೂ ಎರಡೂ ಅಂಚುಗಳು ಬಿಸಿಯಾಗಿದ್ದರೆ ಕಡಿಮೆಯೆಂದೂ ಅರ್ಥ. ಒಳಕ್ಕೆ ಓರೆಯಾದ ಚಕ್ರ ನೇರ ಹಾದಿಯಲ್ಲಿ ಒಳ ಅಂಚಿನ ಮೇಲೆ ಹೆಚ್ಚು ಊರುವುದರಿಂದ ಅಲ್ಲಿ ಸ್ವಲ್ಪ ಹೆಚ್ಚಿನ ಬಿಸಿ ಸಹಜ. ಅಂತರ ಅತಿಯಾದರೆ ಓರೆ ತಗ್ಗಿಸಬೇಕಾಗುತ್ತದೆ.